ವಾದಿ ಕಬೀರಿನ ಪ್ಲೇಆಫ್

ಬಾಯಿ ಇದ್ದ ಮೇಲೆ ಅಭಿಪ್ರಾಯ ಇರುತ್ತದೆ. ಅಮೆರಿಕದ ನೆಲವನ್ನು ಒಮ್ಮೆಯೂ ಮೆಟ್ಟದ ನನಗೆ ಅಲ್ಲಿನ ಸ್ಟಾಕ್ ಕಾರ್ ರೇಸಿನ ಬಗ್ಗೆ ಹನ್ನೊಂದು ವರ್ಷ ಬೇಕಾದಷ್ಟು ಅಭಿಪ್ರಾಯಗಳಿದ್ದವು. ಈಗ ಯಾರಾದರೂ ಕೇಳಿದರೆ ಸುಮ್ಮನಿರುತ್ತೇನೆ. ಸಾಕಾಗಿದೆ.

ನಾನು ದೊರೆಸ್ವಾಮಿ, ನಂಜನಗೂಡಿನವನು. ಮಸ್ಕತ್ತಿನ ವಾದಿ ಕಬೀರಿನಲ್ಲಿ ಒಂದು ಗ್ಯಾರೇಜಿನ ಸರ್ವಿಸ್ ಅಡ್ವೈಸರ್. ಗಾಡಿ ತಂದವರ ದೂರು ಕೇಳಿ ಜಾಬ್ ಕಾರ್ಡ್ ಬರೆಯುವುದು, ಕೆಲಸ ಮುಗಿದ ಮೇಲೆ ಕೀ ಕೊಟ್ಟು ನಗುವುದು, ಇಷ್ಟೇ ನನ್ನ ಉದ್ಯೋಗ. ನನ್ನ ಕೈಗೆ ಗ್ರೀಸು ಹತ್ತುವುದಿಲ್ಲ. ಹೆಂಡತಿ ಮಗಳು ಜೊತೆಯಲ್ಲಿದ್ದಾರೆ, ಸಂಜೆ ಬಿಸಿ ಸಾರು ಸಿಗುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಗ್ಯಾರೇಜಿನ ಹಳೆಯ ಮೆಕ್ಯಾನಿಕ್ ಇದಿನಬ್ಬ, ಉಪ್ಪಿನಂಗಡಿ ಕಡೆಯ ಬ್ಯಾರಿ, ನನ್ನದೇ ವಯಸ್ಸು. ಅವನು ಮಾಡಿದ ಗಾಡಿ ಅದೇ ದೂರು ಹೊತ್ತು ತಿರುಗಿ ಬಂದದ್ದನ್ನು ನಾನು ಕಂಡಿಲ್ಲ. ಕೆಲಸ ನಿಧಾನ. ಅವಸರದ ಗಿರಾಕಿಗಳು ಅವನನ್ನು ಕಂಡರೆ ಮೂಗು ಮುರಿಯುತ್ತಿದ್ದರು, ತಿಳಿದವರು ಅವನೇ ಬೇಕೆಂದು ಕಾಯುತ್ತಿದ್ದರು.

ರೇಸಿನ ಹುಚ್ಚು ನಮಗೆ ಹಿಡಿಸಿದ್ದು ಒಬ್ಬ ಅಮೆರಿಕದ ಗಿರಾಕಿ. ತನ್ನ ಪಿಕಪ್ಪಿನ ಗೇರ್ ಬಾಕ್ಸ್ ಬಿಚ್ಚಿಟ್ಟ ಮೂರು ದಿನ ನಮ್ಮ ವೇಟಿಂಗ್ ರೂಮಿನ ಟೀವಿಯಲ್ಲಿ ಅದನ್ನೇ ಹಾಕಿಸಿಕೊಂಡು ಕೂತಿದ್ದ. ಬಾಗಿಲು, ಚಾವಣಿ, ಡಿಕ್ಕಿ ಇರುವ, ನೋಡಲು ನಮ್ಮಲ್ಲಿಗೆ ಬರುವಂಥದೇ ಕಾರುಗಳು. ಮೂವತ್ತು ನಲವತ್ತು ಒಟ್ಟಿಗೆ ಒಂದಕ್ಕೊಂದು ಮೈ ಉಜ್ಜಿಕೊಂಡು, ಗಾಣದೆತ್ತಿನ ಹಾಗೆ ಮೂರು ಗಂಟೆ ಒಂದೇ ಸಮನೆ ಸುತ್ತು. ಮೊದಲ ದಿನ ನಕ್ಕೆವು. ಮೂರನೆಯ ದಿನ ಅವನು ಗಾಡಿ ತೆಗೆದುಕೊಂಡು ಹೋದ ಮೇಲೆ ಟೀವಿ ಬದಲಾಯಿಸಲು ಯಾರಿಗೂ ಮನಸ್ಸಾಗಲಿಲ್ಲ. ಆಮೇಲೆ ಪ್ರತಿ ಸೋಮವಾರ ಮಧ್ಯಾಹ್ನ ಊಟದ ಹೊತ್ತಿಗೆ ಹಿಂದಿನ ದಿನದ ರೇಸಿನ ರೆಕಾರ್ಡಿಂಗ್ ನೋಡುವುದು ನಮ್ಮ ವ್ರತವಾಯಿತು.

ಜಗಳ ನನಗೂ ಇದಿನಬ್ಬನಿಗೂ. ವರ್ಷಕ್ಕೆ ಮೂವತ್ತಾರು ರೇಸು. ಆಗಿನ ಪದ್ಧತಿಯಲ್ಲಿ ಕೊನೆಯ ಹತ್ತು ರೇಸುಗಳಲ್ಲಿ ಡ್ರೈವರುಗಳನ್ನು ಸೋಸುತ್ತಾ ಬಂದು ಕಟ್ಟಕಡೆಯ ರೇಸಿಗೆ ನಾಲ್ವರನ್ನು ಉಳಿಸುತ್ತಿದ್ದರು. ಅವತ್ತು ಆ ನಾಲ್ವರಲ್ಲಿ ಯಾರು ಮುಂದೆ ಮುಗಿಸುತ್ತಾನೋ ಅವನೇ ಚಾಂಪಿಯನ್. ಅಲ್ಲಿಯವರೆಗೆ ಕೂಡಿಟ್ಟ ಅಂಕ ಅವತ್ತು ಉಪಯೋಗಕ್ಕೆ ಬಾರದು. ಇದಕ್ಕೆ ಪ್ಲೇಆಫ್ ಎಂದು ಹೆಸರು. ನಾನು ಇದರ ಪರಮಭಕ್ತ.

"ವರ್ಷವೆಲ್ಲ ಐದನೇದು ಆರನೇದು ಬಂದು ಅಂಕ ಕೂಡಿಹಾಕೋನು ಗುಮಾಸ್ತ ಕಣಯ್ಯ. ಕೊನೇ ದಿನ ಎದೆ ಕೊಟ್ಟು ಗೆಲ್ಲೋನು ಚಾಂಪಿಯನ್ನು" ಎನ್ನುತ್ತಿದ್ದೆ.

ಇದಿನಬ್ಬನ ಪ್ರೀತಿಯ ಡ್ರೈವರ್ ನೀಲಿ ಕಾರಿನವನು. ಸಣ್ಣ ಟೀಮು, ಮೊದಲು ಬಂದದ್ದು ಅಪರೂಪ, ಗೋಡೆಗೆ ಗುದ್ದಿದ್ದು ಇನ್ನೂ ಅಪರೂಪ.

"ಮೂವತ್ತೈದು ವಾರ ದುಡಿದದ್ದು ಒಂದು ಮಧ್ಯಾಹ್ನಕ್ಕೆ ಹೋಗುದು ಎಂತ ನ್ಯಾಯ ದೊರೆ ಸರ್? ಮುಗೀಲಿಕ್ಕೆ ನಾಲ್ಕು ಸುತ್ತು ಇರುವಾಗ ಯಾರೋ ಗುದ್ದಿ ಹಳದಿ ಬಾವುಟ ಬಂತು ಅಂದ್ರೆ ಎಲ್ಲರನ್ನೂ ಪುನಃ ಒಟ್ಟಿಗೆ ತಂದು ಬಿಡ್ತಾರೆ, ಮುಂದೆ ಇದ್ದವನೂ ಹಿಂದೆ ಇದ್ದವನೂ ಒಂದೇ ಆಯ್ತು. ಅವನು ಎಂತ ತಪ್ಪು ಮಾಡಿದ್ದು?"

"ಅದೃಷ್ಟವೂ ಆಟದ ಭಾಗ."

"ಆಟ ಅಲ್ವಾ, ಹಾಗಾಗಿ ನಿಮಗೆ ಸಸಾರ" ಎಂದು ಅವನು ಚಪಾತಿ ಮುರಿಯುತ್ತಿದ್ದ.

ಫಾರಿಸ್ ಎಂಬ ಮೂವತ್ತರ ಮೆಕ್ಯಾನಿಕ್, ದೇರಳಕಟ್ಟೆಯವನು, ನನ್ನ ಪಕ್ಷ. ಅವನಿಗೆ ದೊಡ್ಡ ಟೀಮು ಬೇಕು, ನಾಲ್ಕು ಕಾರು, ಕಾರು ನಿಂತ ಕ್ಷಣದಲ್ಲಿ ಟೈರು ಬದಲಿಸುವ ಒಳ್ಳೆಯ ಪಿಟ್ ಕೆಲಸಗಾರರು, ಎದುರಿನವನನ್ನು ತಳ್ಳಿಯಾದರೂ ದಾರಿ ಮಾಡಿಕೊಳ್ಳುವ ಡ್ರೈವರು. ಮೂವರೂ ಗಂಟಲು ಹರಿಯುವಷ್ಟು ವಾದ ಮಾಡಿ ಎರಡು ಗಂಟೆಗೆ ಎದ್ದು ಕೆಲಸಕ್ಕೆ ಹೋಗುತ್ತಿದ್ದೆವು. ಯಾರಿಗೂ ಏನೂ ನಷ್ಟವಿರಲಿಲ್ಲ.

ಕಳೆದ ಅಕ್ಟೋಬರಿನಲ್ಲಿ ನಮ್ಮ ಕಫೀಲ್, ಅಂದರೆ ವೀಸಾ ಕೊಟ್ಟ ಒಮಾನಿ ಮಾಲೀಕರು, ಹತ್ತಿರದ ಬರ್ಕಾ ಊರಿನಲ್ಲಿ ಹೊಸ ಗ್ಯಾರೇಜ್ ತೆರೆಯುವುದಾಗಿ ಹೇಳಿದರು. ಅಲ್ಲಿಗೆ ಒಬ್ಬ ಫೋರ್‌ಮನ್ ಬೇಕು, ನಮ್ಮಲ್ಲಿಂದಲೇ. ಫೋರ್‌ಮನ್ನಿಗೆ ಎರಡು ಕೋಣೆಯ ಮನೆ, ಹೆಂಡತಿಯನ್ನು ಕರೆಸಿಕೊಳ್ಳುವ ಅವಕಾಶ. ಕಂಪನಿ ಮೆಕ್ಯಾನಿಕ್‌ಗಳಿಗೆ ಅದನ್ನು ಕೊಡುವುದಿಲ್ಲ. ಅವರು ಒಂದು ರೂಮಿಗೆ ನಾಲ್ವರಂತೆ ಇರುತ್ತಾರೆ.

ಇದಿನಬ್ಬ ಇಲ್ಲಿಗೆ ಬಂದು ಹತ್ತೊಂಬತ್ತು ವರ್ಷ. ಎರಡು ವರ್ಷಕ್ಕೊಮ್ಮೆ ಎರಡು ತಿಂಗಳ ರಜೆ. ಅಂದಿನಿಂದ ಹೆಂಡತಿ ನಝೀರಾಳ ಜೊತೆ ಅವನು ಕಳೆದ ದಿನಗಳನ್ನು ಕೂಡಿದರೆ ಎರಡು ವರ್ಷವೂ ಆಗಲಿಕ್ಕಿಲ್ಲ. ಮಗಳು ಶಮೀನಾಳ ಮದುವೆ ಹಿಂದಿನ ವರ್ಷ ಮುಗಿದಿತ್ತು. ಇನ್ನು ನಝೀರಾ ಬರಬಹುದು. ಸುದ್ದಿ ತಿಳಿದ ವಾರವೇ ಅವಳು ಮಂಗಳೂರಿಗೆ ಹೋಗಿ ಪಾಸ್‌ಪೋರ್ಟಿಗೆ ಅರ್ಜಿ ಹಾಕಿ ಬಂದಳಂತೆ. ಇದಿನಬ್ಬ ಅದನ್ನು ನನಗೆ ಹೇಳುವಾಗ ನಾಚಿಕೊಂಡ. ಐವತ್ತೊಂದು ವರ್ಷದ ಗಂಡಸು ನಾಚಿದ್ದನ್ನು ನಾನು ಮೊದಲ ಸಲ ನೋಡಿದೆ.

ಮ್ಯಾನೇಜರ್ ತೇಜಸ್ವಿ, ಬೆಂಗಳೂರಿನವರು, ನನಗಿಂತ ಹದಿನೈದು ವರ್ಷ ಕಿರಿಯರು. ಅವರು ಸೋಮವಾರದ ನಮ್ಮ ಜಗಳವನ್ನು ಬಾಗಿಲಲ್ಲಿ ನಿಂತು ಕೇಳಿ ನಗುತ್ತಿದ್ದರು. ಒಂದು ದಿನ ನನ್ನನ್ನು ಕ್ಯಾಬಿನ್ನಿಗೆ ಕರೆದರು.

"ದೊರೆಸ್ವಾಮಿಯವ್ರೆ, ಫೋರ್‌ಮನ್ ಸೆಲೆಕ್ಷನ್ ಒಂದು ತಲೆನೋವು. ಸೀನಿಯಾರಿಟಿ ಅಂದ್ರೆ ಒಬ್ರಿಗೆ ಬೇಜಾರು, ಸ್ಪೀಡ್ ಅಂದ್ರೆ ಇನ್ನೊಬ್ರಿಗೆ. ಏನ್ ಮಾಡೋಣ?"

ಆಗ ನಾನು ಏನು ಹೇಳಬೇಕಿತ್ತೆಂದು ಈಗ ಗೊತ್ತು. ವರ್ಷದ ಜಾಬ್ ಕಾರ್ಡುಗಳೆಲ್ಲ ನನ್ನ ಕಪಾಟಿನಲ್ಲೇ ಇದ್ದವು. ಯಾರ ಗಾಡಿ ತಿರುಗಿ ಬಂತು, ಯಾರದ್ದು ಬರಲಿಲ್ಲ ಎಂದು ತೆಗೆದು ತೋರಿಸಿದ್ದರೆ ಅರ್ಧ ಗಂಟೆಯಲ್ಲಿ ತೀರ್ಮಾನವಾಗುತ್ತಿತ್ತು. ಆದರೆ ದೊಡ್ಡವರು ಅಭಿಪ್ರಾಯ ಕೇಳಿದರು ಅನ್ನುವುದೇ ನನ್ನ ತಲೆಗೇರಿತು.

"ಪ್ಲೇಆಫ್ ಇಡಿ ಸಾರ್. ನಾಲ್ಕು ಜನ, ನಾಲ್ಕು ಒಂದೇ ಥರದ ಗಾಡಿ, ಒಂದೇ ಕೆಲಸ. ಯಾರು ತಪ್ಪಿಲ್ದೆ ಮೊದಲು ಮುಗಿಸ್ತಾರೋ ಅವರು ಫೋರ್‌ಮನ್. ಯಾರೂ ಬಾಯಿ ಬಿಡೋ ಹಾಗಿಲ್ಲ."

ತೇಜಸ್ವಿಯವರಿಗೆ ಬಹಳ ಹಿಡಿಸಿತು. ಟೈಮ್‌ಕೀಪರ್ ನೀವೇ ಆಗಿ ಎಂದರು. ಹೊರಗೆ ಬಂದು ಇದಿನಬ್ಬನಿಗೆ ಹೇಳಿದೆ. ಅವನು ಸ್ಪ್ಯಾನರ್ ಒರೆಸಿ ಪೆಟ್ಟಿಗೆಯಲ್ಲಿಟ್ಟ.

"ಅಂತೂ ನಿಮ್ಮ ಫಾರ್ಮ್ಯಾಟ್ ವಾದಿ ಕಬೀರಿಗೂ ಬಂತು" ಎಂದ.

"ಹೆದರ್ಕೋಬೇಡ್ವೋ. ನಿನ್ನ ಕೈ ಯಾರಿಗಿದೆ?"

"ಹೆದರಿಕೆ ಎಂತದ್ದಿಲ್ಲ. ನಝೀರಾನಿಗೆ ಮಾತ್ರ ಆಗಿಯೇ ಹೋಯ್ತು ಅಂತ ಹೇಳಿಬಿಟ್ಟಿದ್ದೇನೆ."

ನವೆಂಬರಿನ ಒಂದು ಗುರುವಾರ ಮಧ್ಯಾಹ್ನ ನಡೆಯಿತು. ಇದಿನಬ್ಬ, ಫಾರಿಸ್, ಒಬ್ಬ ಮಲಯಾಳಿ, ಒಬ್ಬ ಪಾಕಿಸ್ತಾನಿ. ನಾಲ್ಕು ಟ್ಯಾಕ್ಸಿಗಳು, ಒಂದೇ ಮಾಡೆಲ್. ಇಂಜಿನ್ ಆಯಿಲ್ ಬದಲು, ಮುಂದಿನ ಬ್ರೇಕ್ ಪ್ಯಾಡ್ ಬದಲು, ನಾಲ್ಕೂ ಟೈರು ಅದಲು ಬದಲು. ಗ್ಯಾರೇಜಿನವರೆಲ್ಲ ಸುತ್ತ ನಿಂತಿದ್ದರು. ಯಾರೋ ತಮಾಷೆಗೆ ಒಂದು ಹಸಿರು ಬಟ್ಟೆ ಬೀಸಿದರು. ನಾನು ಫೋನಿನ ಗಡಿಯಾರ ಒತ್ತಿದೆ.

ಸತ್ಯ ಹೇಳುತ್ತೇನೆ, ಅವತ್ತು ಇದಿನಬ್ಬ ನಿಧಾನವಾಗಿರಲಿಲ್ಲ. ಅವನ ಕೈ ಅಷ್ಟು ಚುರುಕಾಗಿ ಓಡಿದ್ದನ್ನು ನಾನೇ ಕಂಡಿರಲಿಲ್ಲ. ಮುಕ್ಕಾಲು ಕೆಲಸ ಮುಗಿಯುವಾಗ ಫಾರಿಸನಿಗಿಂತ ಒಂದು ಚಕ್ರ ಮುಂದಿದ್ದ. ಕೊನೆಗೆ ಎಡಗಡೆಯ ಮುಂದಿನ ಚಕ್ರವೊಂದನ್ನು ಹಾಕಿದರೆ ಮುಗಿಯುತ್ತಿತ್ತು. ಅಲ್ಲಿ ಅವನ ಕೈ ನಿಂತಿತು.

"ದೊರೆ ಸರ್, ಇಲ್ಲಿ ಸ್ವಲ್ಪ ನೋಡಿ."

ಬಗ್ಗಿ ನೋಡಿದೆ. ಬ್ರೇಕಿಗೆ ಎಣ್ಣೆ ಒಯ್ಯುವ ರಬ್ಬರ್ ಪೈಪು ಬಾಗುವ ಜಾಗದಲ್ಲಿ ಬಿರುಕು ಬಿಟ್ಟಿತ್ತು. ಬಿರುಕಿನ ಸುತ್ತ ಒದ್ದೆ. ಅವನು ಬೆರಳಿನಿಂದ ಒರೆಸಿದ, ಮತ್ತೆ ಒದ್ದೆಯಾಯಿತು.

"ಈ ಗಾಡಿ ಸಂಜೆ ಸೂರ್ ಪಟ್ಟಣಕ್ಕೆ ಹೋಗುವಂಥದ್ದು, ಇನ್ನೂರು ಕಿಲೋಮೀಟರು. ಗಡಿಯಾರ ನಿಲ್ಲಿಸ್ತೀರಾ?"

ಗ್ಯಾರೇಜಿಡೀ ನನ್ನ ಮುಖ ನೋಡುತ್ತಿತ್ತು. ನಿಲ್ಲಿಸಬಹುದಿತ್ತು. ಒಂದು ಬೆರಳು ಒತ್ತಿದರೆ ಮುಗಿಯುತ್ತಿತ್ತು. ನಾನು ಏನು ಯೋಚಿಸಿದೆನೆಂದು ಹೇಳಲು ನಾಚಿಕೆಯಾಗುತ್ತದೆ. ಈಗ ನಿಲ್ಲಿಸಿದರೆ ಹನ್ನೊಂದು ವರ್ಷದ ವಾದದಲ್ಲಿ ಇದಿನಬ್ಬ ಗೆದ್ದ ಹಾಗೆ ಎಂದು ಯೋಚಿಸಿದೆ.

"ಕಾರ್ಡಲ್ಲಿ ಇಲ್ವಲ್ಲ ಇದು. ಚಕ್ರ ಹಾಕಿ ಮುಗಿಸ್ಬಿಡು. ಪೈಪು ಆಮೇಲೆ ಮಾಡೋಣ" ಎಂದೆ.

ಅವನು ಚಕ್ರವನ್ನು ಎತ್ತಿದ. ಬೋಲ್ಟಿನವರೆಗೂ ತಂದ. ಆಮೇಲೆ ನೆಲಕ್ಕಿಟ್ಟ.

"ಗೊತ್ತಿದ್ದೂ ಮುಚ್ಲಿಕ್ಕೆ ಕೈ ಬರೂದಿಲ್ಲ" ಎಂದು ಹೇಳಿ, ಎದ್ದು ಪಾರ್ಟ್ಸ್ ಕೌಂಟರಿಗೆ ನಡೆದ.

ಹೊಸ ಪೈಪು ಹುಡುಕಿ ತರಲು ಏಳು ನಿಮಿಷ. ಅಷ್ಟರಲ್ಲಿ ಫಾರಿಸ್ ಮುಗಿಸಿ ಕೈ ಎತ್ತಿದ, ಚಪ್ಪಾಳೆಯಾಯಿತು. ಉಳಿದಿಬ್ಬರೂ ಮುಗಿಸಿದರು. ಪೈಪು ಬದಲಿಸಿದ ಮೇಲೆ ಒಳಗಿನ ಗಾಳಿ ತೆಗೆಯಲು ಒಬ್ಬರು ಕೂತು ಪೆಡಲ್ ತುಳಿಯಬೇಕು. ಗೆದ್ದ ಫಾರಿಸನೇ ಹೋಗಿ ಸೀಟಿನಲ್ಲಿ ಕೂತ. "ತುಳಿಯುದಾ ಇದಿನಬ್ಬಾಕ?" ಎಂದು ಹಿರಿಯರನ್ನು ಕರೆಯುವ ಹಾಗೆ ಮೆಲ್ಲಗೆ ಕೇಳುತ್ತಾ ಕೊನೆಯವರೆಗೂ ತುಳಿದ. ಅವನ ಮುಖದಲ್ಲೂ ಖುಷಿ ಉಳಿದಿರಲಿಲ್ಲ.

ತೇಜಸ್ವಿ ನನ್ನನ್ನು ಪಕ್ಕಕ್ಕೆ ಕರೆದರು. "ಆ ಪೈಪಿನ ವಿಷಯ ಕನ್ಸಿಡರ್ ಮಾಡ್ಬೇಕಾ? ಫಾರ್ಮ್ಯಾಟ್ ನಿಮ್ದು. ನೀವು ಹೇಳಿದ ಹಾಗೆ."

ಎರಡನೇ ಸಲ ಕೇಳಿದ್ದರು. ದೇವರು ಎರಡು ಸಲ ಬಾಗಿಲು ತಟ್ಟುವುದು ಕಡಿಮೆ.

"ರೂಲ್ ಅಂದ್ಮೇಲೆ ರೂಲ್ ಸಾರ್. ಒಬ್ರಿಗೆ ಬಿಟ್ರೆ ಎಲ್ರೂ ಕೇಳ್ತಾರೆ."

"ಖಲಾಸ್, ಹಾಗಾದ್ರೆ ಫಾರಿಸ್" ಎಂದು ಅವರು ಕ್ಯಾಬಿನ್ನಿಗೆ ಹೋದರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುವ ಮಾತನ್ನು ಬಾಲ್ಯದಿಂದ ಕೇಳಿದ್ದೇನೆ. ಬೆಕ್ಕು ನಾನೇ ಎಂದು ಅವತ್ತು ತಿಳಿಯಿತು.

ಮರುದಿನ ಶುಕ್ರವಾರ. ಗ್ಯಾರೇಜಿಗೆ ರಜೆ. ಜುಮ್ಮಾ ನಮಾಜು ಮುಗಿದಿರಬಹುದಾದ ಹೊತ್ತು ನೋಡಿ ಇದಿನಬ್ಬನ ರೂಮಿಗೆ ಹೋದೆ. ಉಳಿದ ಮೂವರು ರೂವಿ ಪೇಟೆಗೆ ಹೋಗಿದ್ದರು. ಅವನು ಮಂಚದ ಮೇಲೆ ಕೂತು ಫೋನಿನಲ್ಲಿ ನಝೀರಾಳ ಜೊತೆ ಮಾತಾಡುತ್ತಿದ್ದ. ನನ್ನನ್ನು ಕಂಡು ಸರಿದು ಜಾಗ ಕೊಟ್ಟ. ಮುಖದಲ್ಲಿ ಸಿಟ್ಟಿರಲಿಲ್ಲ.

"ನೀವು ಬಂದದ್ದು ಒಳ್ಳೆದಾಯ್ತು. ನಿನ್ನೆಯಿಂದ ಮೂರು ಸರ್ತಿ ಹೇಳಿದೆ, ಇವಳಿಗೆ ಅರ್ಥ ಆಗುದಿಲ್ಲ. ಫಾರ್ಮ್ಯಾಟ್ ನಿಮ್ಮ ಹಾಗೆ ಹೇಳ್ಲಿಕ್ಕೆ ನನಗೆ ಬರುದಿಲ್ಲ. ನೀವೇ ಒಮ್ಮೆ ಹೇಳಿ" ಎಂದು ಫೋನನ್ನು ನನ್ನ ಕೈಗಿಟ್ಟ. ವ್ಯಂಗ್ಯವಿರಲಿಲ್ಲ. ನಿಜಕ್ಕೂ ನಾನು ಹೇಳಿದರೆ ಅರ್ಥವಾಗುತ್ತದೆ ಎಂದು ಅವನು ನಂಬಿದ್ದ.

ಹೇಳಿದೆ. ನಾಲ್ವರು, ನಾಲ್ಕು ಗಾಡಿ, ಒಂದು ಗಡಿಯಾರ. ಪೈಪು.

ನಝೀರಾ ಪೂರ್ತಿ ಕೇಳಿದಳು. "ಸರಿ ಸರ್. ಇವರು ತಪ್ಪು ಎಂತ ಮಾಡಿದ್ದು?"

"ತಪ್ಪೇನೂ ಮಾಡ್ಲಿಲ್ಲ ಕಣಮ್ಮ."

"ಎಂತದೋ ತಪ್ಪು ಮಾಡಿ ನನ್ನ ಹತ್ರ ಮುಚ್ಚಿಡ್ತಾರೆ ಅಂತ ಎಣಿಸಿದ್ದೆ. ನಿನ್ನೆ ತುಂಬ ಬೈದೆ ಇವರಿಗೆ. ಪಾಸ್‌ಪೋರ್ಟು ಮೊನ್ನೆ ಪೋಸ್ಟಿನಲ್ಲಿ ಬಂತು ಸರ್, ಅದರ ಸಂಕಟಕ್ಕೆ ಬೈದದ್ದು."

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ. ಅವಳೇ ಮುಂದುವರಿಸಿದಳು.

"ಆ ಪೈಪು ಒಡೆದದ್ದನ್ನು ಇನ್ನು ಯಾರಾದ್ರೂ ನೋಡಿದ್ರಾ?"

"ನಾನು ನೋಡ್ದೆ."

"ಹಾಗಾದ್ರೆ ಇವರು ಸೋತದ್ದು ಅಂತ ಹೇಳಿದ್ದು ಯಾರು?"

ಇದಿನಬ್ಬ ನನ್ನ ಕಡೆ ನೋಡಲಿಲ್ಲ. ಮಂಚದ ಅಂಚಿನ ಹೊದಿಕೆಯನ್ನು ಎಳೆದು ನೇರ ಮಾಡುತ್ತಿದ್ದ.

"ನಾನೇ ಕಣಮ್ಮ" ಎಂದೆ.



"ಫೋನು ಅವರ ಕೈಯಲ್ಲಿ ಕೊಡಿ ಸರ್" ಎಂದಳು.

ಕೊಟ್ಟೆ. ಅವನು ಕಿವಿಗಿಟ್ಟುಕೊಂಡು ಗೋಡೆಯ ಕಡೆ ತಿರುಗಿ ಬ್ಯಾರಿಯಲ್ಲಿ ಮಾತಾಡತೊಡಗಿದ. ಮೊದಲು ಸಮಾಧಾನ ಮಾಡುತ್ತಿದ್ದ ಹಾಗಿತ್ತು, ಆಮೇಲೆ ಯಾರ ಪರವಾಗಿಯೋ ವಾದಿಸುತ್ತಿದ್ದ ಹಾಗೆ. ನನಗೆ ಆ ಭಾಷೆ ಬರುವುದಿಲ್ಲ. ಆದರೆ ನಡುನಡುವೆ ನನ್ನ ಹೆಸರು ಬಂತು, ಬಂದಾಗಲೆಲ್ಲ 'ಸರ್' ಎಂದು ಸೇರಿಸಿಯೇ ಹೇಳಿದ. ನಾನು ಚಪ್ಪಲಿ ಮೆಟ್ಟಿಕೊಂಡು ಸದ್ದಾಗದಂತೆ ಮೆಟ್ಟಿಲಿಳಿದೆ.