ತಮ್ಮನ ಹೆಗಲಿನ ಅಳತೆ

ಶೇಂಗಾ ಕೀಳುವ ಕಾಲ. ಧರ್ಮಪುರದ ಹತ್ತಿರದ ಒಂದು ಹಟ್ಟಿಯಲ್ಲಿ ಜಯಕ್ಕ ತುಂಬಿದ ಗಾಡಿಯ ಮೇಲಿಂದ ಬಿದ್ದಳು. ಬಲಭುಜ ಊದಿಕೊಂಡು ಕೈ ಜೋತುಬಿತ್ತು. ಹಾಲು ಕುಡಿಯುವ ಕೂಸನ್ನೂ ಎತ್ತಿಕೊಳ್ಳಲಾರಳು. ಕೂಡಲೇ ಆಸ್ಪತ್ರೆಗೆ ಹೊರಡಬೇಕಿತ್ತು ತಾನೇ? ಎಲ್ಲಿಯ ಆಸ್ಪತ್ರೆ! ಅವಳ ಗಂಡ ಚಿತ್ತಪ್ಪ ಅವಳ ತವರು ಬಾಗೂರಿಗೆ ಆಳು ಕಳಿಸಿ, ಹೆಂಡತಿಯ ಅಣ್ಣನ ದಾರಿ ಕಾಯುತ್ತ ಕೂತ.

ಅಣ್ಣ ಯಾಕೆ ಅಂತೀರಾ? ಎಲುಬು ಕಟ್ಟುವ ನಾಗರಾಜಪ್ಪ ಪರರ ಹೆಣ್ಣಿನ ಭುಜ ಮುಟ್ಟುವವನಲ್ಲ. ಒಡಹುಟ್ಟಿದವನನ್ನು ಕೂರಿಸಿ, ಅವನ ಭುಜ ತಡವಿ, ಅದೇ ಅಳತೆಗೆ ಬಿದಿರು ದಬ್ಬೆ ಸೀಳಿ ಕೊಡುತ್ತಾನೆ. ಬಿಗಿದು ಕಟ್ಟುವುದು ಮನೆಯವರ ಕೆಲಸ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರ ಎಲುಬೂ ಒಂದೇ ಅಂತೆ!

ಎರಡನೆಯ ದಿನ, ಕೂಸಿಗೆ ದಡಾರದ ಲಸಿಕೆ ಹಾಕಲು ಬಂದ ನರ್ಸ್ ದಾಕ್ಷಾಯಣಮ್ಮ ಜಯಕ್ಕನನ್ನು ನೋಡಿ ಗಾಬರಿಯಾದರು.

"ಏನಪ್ಪಾ ಚಿತ್ತಪ್ಪ, ಇನ್ನೂ ಕುಂತಿದೀಯಲ್ಲ! ಏಳು, ದುರ್ಗದ ಆಸ್ಪತ್ರೆಗೆ ಹೋಗಾಣ."

"ಅಲ್ಲಿ ಗಂಡು ಡಾಕ್ಟ್ರು ಮುಟ್ತಾರೆ ಕಣಮ್ಮ. ನಮ್ಮಾಗೆ ಆಗಲ್ಲ. ಅವಳಣ್ಣ ಬಂದ್ರೆ ಅಳತೆ ಸಿಗ್ತೈತೆ."

"ಬಳೆಗಾರ ಗಂಡಸಲ್ವೇನೋ? ನಿನ್ನ ಹೆಂಡ್ತಿ ಕೈ ಹಿಡಿದೇ ಬಳೆ ತೊಡಿಸ್ತಾನೆ. ಅಳತೆ ನೋಡಾಕೆ ಅವಳಣ್ಣನ್ನ ಕರೀತಾನಾ?"

ಚಿತ್ತಪ್ಪ ಬಾಗೂರಿನ ದಾರಿಯತ್ತ ಮುಖ ತಿರುಗಿಸಿದ. ದಾಕ್ಷಾಯಣಮ್ಮ ಬಿಡಲಿಲ್ಲ.

"ಹೆಗಲಿನ ಗುಂಡಿಯಾಗೆ ತೋಳಿನ ಎಲುಬು ಕುಂತಿರ್ತೈತೆ. ಆ ಗುಂಡಿ ಸಾಮಾನ್ಯವಾಗಿ ಗಂಡಸ್ರಿಗಿಂತ ಹೆಂಗಸ್ರಿಗೆ ಚಿಕ್ಕದು, ಆಕಾರಾನೂ ಒಂಚೂರು ಬೇರೆ. ಎಲುಬು ಮುರಿದಿದ್ರೆ ಆಸ್ಪತ್ರೆಯಾಗೆ ಸ್ಕ್ರೂ ಹಾಕಿ ಕೂಡಿಸ್ತಾರೆ. ಗಂಡಸಿನ ಅಳತೆ ಸ್ಕ್ರೂ ಹಾಕಿದ್ರೆ ಎಲುಬು ದಾಟಿ ನರಕ್ಕೆ ಚುಚ್ಚಬೌದು. ಅದಕ್ಕೇ ಆಪರೇಷನ್‌ಗೆ ಮುಂಚೆ ಎಕ್ಸ್‌ರೇ ತೆಗೆದು, ಬಿದ್ದೋಳ ಎಲುಬನ್ನೇ ಅಳೀತಾರೆ."

"ಇವೆಲ್ಲ ಓದಿದೋರ ಮಾತು ಬಿಡ್ರಿ."

ಆಗ ಒಳಗಿನಿಂದ ಚಿತ್ತಪ್ಪನ ಅಕ್ಕ ಜುಂಜಮ್ಮ ಬಂದಳು. ಸೆರಗು ಸರಿಸಿ ಎಡಗೈ ತೋರಿಸಿದಳು. ಕೈ ಒಣಗಿದ ಜಾಲಿಕಡ್ಡಿಯಾಗಿತ್ತು.

"ಲೇ ಚಿತ್ತ, ನಾನು ಓದಿದೋಳೇನೋ? ಕುರಿದೊಡ್ಡಿಯಾಗೆ ಬಿದ್ದಾಗ ನಿನ್ನ ಹೆಗಲ ಅಳತೆಗೇ ದಬ್ಬೆ ಕಟ್ಟಿದ್ರಿ. ಅದು ಕಂಕುಳಾಗೆ ಒತ್ತಿ ಒತ್ತಿ ನರ ಸತ್ತೋತು. ಬಿಚ್ರೋ ಅಂತ ಬಾಯಿ ಬಡ್ಕಂಡೆ. ಸುಮ್ನಿರಕ್ಕಾ, ಎಲುಬು ಕೂಡ್ತೈತೆ ಅಂದೋನು ಯಾರು? ನೀನೇ! ಹಾಲು ಕರೆಯಾಕೆ ಬರಲ್ಲ ಅಂತ ನನ್ನ ಗಂಡ ಇಲ್ಲಿ ತಂದು ಬಿಟ್ಟೋದ. ಇವಳ್ನೂ ಹಂಗೇ ತವರಿಗೆ ಅಟ್ತೀಯಾ?"

ಚಿತ್ತಪ್ಪನಿಗೆ ಅಳು ಒತ್ತರಿಸಿ ಬಂತು. "ನಡೀರಿ" ಎಂದು ಗಾಡಿ ಕಟ್ಟಿದ.

ಆಸ್ಪತ್ರೆಯಲ್ಲಿ ಡಾಕ್ಟರು ಎಕ್ಸ್‌ರೇ ತೆಗೆಸಿ, ಗುಂಡಿಯ ಅಂಚು ಮುರಿದದ್ದನ್ನು ತೋರಿಸಿದರು. ಅಳೆದು ನೋಡಿ, ಅವಳ ಎಲುಬಿಗೆ ಒಪ್ಪುವ ಗಿಡ್ಡ ಸ್ಕ್ರೂ ಹಾಕಿದರು. ಮುರಿದ ಎಲುಬು ಕೂಡಿತು. ಆದರೂ ಎರಡು ದಿನ ತಡವಾದದ್ದಕ್ಕೆ ದಂಡ ತೆರಲೇಬೇಕಾಯಿತು: ಜಯಕ್ಕ ಕೂಸನ್ನು ಎತ್ತಿಕೊಳ್ಳುತ್ತಾಳೆ, ತಲೆಯ ಮೇಲೆ ಕೊಡ ಇಡಲಾರಳು.

ಜೊತೆಗೆ ಹೋಗಿದ್ದ ಜುಂಜಮ್ಮ ತನ್ನ ಎಡಗೈಯನ್ನೂ ಬಲಗೈಯಿಂದ ಎತ್ತಿ ತೋರಿಸಿದಳು. "ನಂಗೂ ಆಪರೇಷನ್ ಮಾಡ್ರಿ ಸಾರ್."

ಡಾಕ್ಟರು ಒಂದೊಂದೇ ಬೆರಳು ಒತ್ತಿದರು. "ಗೊತ್ತಾಗುತ್ತೇನಮ್ಮ?"

"ಇಲ್ರಿ."

"ಆಗಲೇ ಬರಬೇಕಿತ್ತು ತಾಯಿ."

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಜುಂಜಮ್ಮ ಕೈಯನ್ನು ಮತ್ತೆ ಸೆರಗಿನೊಳಗೆ ಹಾಕಿಕೊಂಡಳು.

ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಮನೆಯ ಹೆಣ್ಣುಮಗಳು ಬಿದ್ದು ಭುಜ ಊದಿದರೆ ಅಳತೆಗೆ ಯಾರನ್ನೂ ಕರೆಸಬೇಡಿ. ಅವಳನ್ನೇ ಆಸ್ಪತ್ರೆಗೆ ಕರೆದೊಯ್ಯಿರಿ, ಅವತ್ತೇ. ಕಟ್ಟು ಹಾಕಿದ ಮೇಲೆ ಬೆರಳು ಜೋಮು ಹಿಡಿದರೆ, ತಣ್ಣಗಾದರೆ, ಕಟ್ಟು ಸಡಿಲಿಸಿ ಆಸ್ಪತ್ರೆಗೆ ಓಡಿ. ಮುಟ್ಟಿದರೆ ಮಾನ ಹೋಗುವುದಿಲ್ಲ, ಮುಟ್ಟದೆ ಕೈ ಹೋಗುತ್ತದೆ. ಈಗ ಹಟ್ಟಿಗೆ ಬಳೆಗಾರ ಬಂದರೆ ಜಯಕ್ಕ ಎರಡೂ ಕೈ ಚಾಚುತ್ತಾಳೆ. ಜುಂಜಮ್ಮ ಒಂದೇ ಚಾಚುತ್ತಾಳೆ.