ಗಿರಿಜವ್ವನ ಗೋಡೆಯಿಂದ ಇಳಿದ ದಿನ

ನಾನು ಒಂದು ಕನ್ನಡಿ. ಆರಡಿ ಎತ್ತರ, ನಾಲ್ಕಡಿ ಅಗಲ. ಹುಬ್ಬಳ್ಳಿಯ ಗಾಜಿನ ಅಂಗಡಿಯೊಂದರಲ್ಲಿ ನನ್ನನ್ನು ಕತ್ತರಿಸಿ, ಅಂಚು ಉಜ್ಜಿ ನಯ ಮಾಡಿದರು. ಗದಗಿನಲ್ಲಿ ಹೊಲಿಗೆ ಮಾಡಿ ಬದುಕುತ್ತಿದ್ದ ಗಿರಿಜವ್ವ ನನ್ನನ್ನು ಕೊಂಡು, ನಡುಮನೆಯ ಗೋಡೆಗೆ ಅಂಟು ಹಾಕಿಸಿ ಕೂರಿಸಿದಳು. ಇಷ್ಟು ದೊಡ್ಡ ಕನ್ನಡಿ ಯಾಕೆಂದು ಕೇಳಿದವರಿಗೆ, “ಮಗಳಿಗೆ ಮಾತು ಕಲಸಬೇಕ್ರಿ” ಎನ್ನುತ್ತಿದ್ದಳು.

ಮಗಳು ಕಸ್ತೂರಿಗೆ ಹುಟ್ಟಿನಿಂದ ಕಿವಿ ಕೇಳಿಸುತ್ತಿರಲಿಲ್ಲ. ತಾಯಿ ಮಗಳು ದಿನವೂ ನನ್ನೆದುರು ಒತ್ತಿಕೊಂಡು ಕೂರುತ್ತಿದ್ದರು. ‘ಪ’ ಅಂದರೂ ‘ಮ’ ಅಂದರೂ ತುಟಿ ಒಂದೇ ಥರ ಕೂಡುತ್ತದೆ. ‘ಪ’ ಅಂದಾಗ ಮಾತ್ರ ಬಾಯಿಯ ಉಸಿರು ನನ್ನ ಮೇಲೆ ಮಂಜಾಗಬೇಕು. ಆ ಮಂಜು ಸರಿಯಾಗಿ ಮೂಡಲು ಎಂಟು ತಿಂಗಳು ಹಿಡಿಯಿತು. ಅಂದು ಗಿರಿಜವ್ವ ಸೆರಗಿನಿಂದ ಮಗಳ ಮುಖ ಒರೆಸಿದಳು, ಆ ಮಂಜು ಇರಲೆಂದು ನನ್ನನ್ನು ಒರೆಸಲಿಲ್ಲ.

ಕಸ್ತೂರಿ ಬೆಳೆದು, ತನ್ನಂಥ ಮಕ್ಕಳಿಗೆ ಕಲಿಸುವ ಶಾಲೆಯಲ್ಲಿ ಟೀಚರ್ ಆದಳು. ಕಳೆದ ವರ್ಷ ಗಿರಿಜವ್ವ ಜ್ವರದಿಂದ ತೀರಿಕೊಂಡಳು. ಅದಾದ ಮೇಲೆ ರಸ್ತೆ ಅಗಲ ಮಾಡಲು ನಮ್ಮ ಸಾಲಿನ ಮನೆಗಳನ್ನು ಕೆಡವುತ್ತಾರೆಂದು ನೋಟಿಸು ಬಂತು. ಕಸ್ತೂರಿ ನನ್ನನ್ನು ಬಿಡಿಸಲು ಮೌಲಾಸಾಬ ಮಿಸ್ತ್ರಿಯನ್ನು ಕರೆಸಿದಳು.

ಅವನು ಗೋಡೆ ನೋಡುತ್ತಲೇ ಏನೋ ಗೊಣಗಿದ.

“ನನ್ನ ಕಡೆ ಮುಖಾ ಮಾಡಿ ಹೇಳ್ರಿ,” ಎಂದಳು ಕಸ್ತೂರಿ. “ನನಗ ಕಿವಿ ಕೇಳಸೂದಿಲ್ಲ.”

ಮಿಸ್ತ್ರಿ ತಿರುಗಿ ನಿಧಾನವಾಗಿ ಹೇಳಿದ: “ಅಂಟು ಭಾಳ ಗಟ್ಟಿ ಐತ್ರಿ ಅಕ್ಕಾರ. ಒಡದು ತಗಿಯೂದು ಚಲೋ.”

“ಒಡೀಬ್ಯಾಡ್ರಿ. ಎಷ್ಟು ಹೊತ್ತಾದ್ರೂ ಆಗಲಿ.”

ಇಬ್ಬರೂ ದಪ್ಪ ಕೈಗವಸು ಹಾಕಿಕೊಂಡರು. ಅವನು ನನ್ನ ಮೈತುಂಬ ಅಡ್ಡಡ್ಡ ಟೇಪು ಅಂಟಿಸಿ, ಕೆಳಗೆ ಕಂಬಳಿ ಹಾಸಿ, ಬುಡಕ್ಕೆ ಮರದ ಹಲಗೆ ಆನಿಸಿದ. ಹೇರ್ ಡ್ರೈಯರಿನಿಂದ ಅಂಟು ಬಿಸಿ ಮಾಡಿ, ಬೆನ್ನ ಹಿಂದೆ ತೆಳು ತಂತಿ ತೂರಿಸಿ ಗರಗಸದ ಹಾಗೆ ಎಳೆಯತೊಡಗಿದ. ಕಸ್ತೂರಿ ಎರಡೂ ಅಂಗೈ ಊರಿ ನನ್ನನ್ನು ಒತ್ತಿ ಹಿಡಿದಿದ್ದಳು.

ಅರ್ಧಕ್ಕೆ ಬಂದಾಗ ತಂತಿ ಸಿಕ್ಕಿಕೊಂಡಿತು. ಮಿಸ್ತ್ರಿ ಜೋರಾಗಿ ಜಗ್ಗಿದ. ನನ್ನ ಮೈ ಸಣ್ಣಗೆ ನಡುಗಿದ್ದು ಅವಳ ಅಂಗೈಗೆ ತಿಳಿಯಿತು.

“ನಿಲ್ರಿ. ಹಿಂದ ಏನೋ ಐತಿ.”

ಅವನು ಬ್ಯಾಟರಿ ಹಾಕಿ ಇಣುಕಿದ. ಗೋಡೆಯಲ್ಲೊಂದು ಹಳೆಯ ಮೊಳೆ ಇತ್ತು. “ಇನ್ನೊಮ್ಮೆ ಜಗ್ಗಿದ್ರ ಮುಗೀತಿತ್ರಿ,” ಎಂದು ಹಣೆ ಒರೆಸಿಕೊಂಡ. ತಂತಿ ಬಿಚ್ಚಿ ಇನ್ನೊಂದು ಬದಿಯಿಂದ ಕೊಯ್ದ. ಮಧ್ಯಾಹ್ನದ ಹೊತ್ತಿಗೆ ನಾನು ಗೋಡೆ ಬಿಟ್ಟು ಅವರಿಬ್ಬರ ತೋಳಿಗೆ ಬಂದೆ.

ಈಗ ನಾನು ಶಾಲೆಯ ಮೂಲೆಯ ಕೋಣೆಯಲ್ಲಿದ್ದೇನೆ. ಬೆನ್ನಿನ ಬೆಳ್ಳಿಲೇಪ ಅಲ್ಲಲ್ಲಿ ಕಪ್ಪಾಗಿದೆ. ಸಂಜೆ ಮಕ್ಕಳು ಹೋದ ಮೇಲೆ ಕಸ್ತೂರಿ ನನ್ನೆದುರು ಹಾಸಿದ ಚಾಪೆಯ ಒಂದು ಬದಿಗೆ ಕೂತು, ದಿನವಿಡೀ ಆದದ್ದನ್ನೆಲ್ಲ ಸದ್ದಿಲ್ಲದೆ ತುಟಿಯಾಡಿಸಿ ಹೇಳುತ್ತಾಳೆ. ಇನ್ನೊಂದು ಬದಿ ಖಾಲಿ. ಇಪ್ಪತ್ತೈದು ವರ್ಷ ಗಿರಿಜವ್ವನ ಮುಖ ನೋಡಿದ್ದೇನೆ. ಒಂದೇ ಒಂದು ಸಲ ಅದನ್ನು ಕಸ್ತೂರಿಗೆ ತೋರಿಸಬೇಕೆಂದು ಜೀವ ಹಂಬಲಿಸುತ್ತದೆ. ಎದುರಿಗಿಲ್ಲದವರನ್ನು ತೋರಿಸುವ ಶಕ್ತಿ ನನಗಿಲ್ಲ. ಬೆಳಕಿರುವ ತನಕ ನಾವಿಬ್ಬರೂ ಆ ಖಾಲಿ ಬದಿಯನ್ನು ನೋಡುತ್ತಿರುತ್ತೇವೆ.