ಬಾಯಿ ಬಿಡದ ರೇಡಿಯೋ

“ಇವರು ಯಾರು?” ವಿಚಾರಣಾಧಿಕಾರಿ ಕೇಳಿದರು.

ಔಷಧ ಉಗ್ರಾಣದ ಅಕ್ಕ ಪಕ್ಕದ ಕುರ್ಚಿಯತ್ತ ನೋಡಿದರು. ಆಸ್ಪತ್ರೆಯ ಲಿಫ್ಟ್‌ನವನು ತುಟಿ ಬಿಗಿದುಕೊಂಡು, ಹರಳೆಣ್ಣೆ ಕುಡಿದವನ ಹಾಗೆ ಕೂತಿದ್ದ. “ನನ್ನ ಜೊತೆಗೆ ಬಂದವನು ಸರ್. ಇಲಾಖೆಯವರೊಬ್ಬರನ್ನ ಜೊತೆಗೆ ಕರ್ಕೊಂಡು ಬರಬಹುದು ಅಂತ ನೋಟಿಸಲ್ಲೇ ಇತ್ತು.”

“ಕೂರಬಹುದು. ಆದ್ರೆ ಮಾತಾಡೋ ಹಾಗಿಲ್ಲ.”

ಅವನು ತಲೆಯಾಡಿಸಿದ. ಅಯ್ಯೋ, ಇಡೀ ಆಸ್ಪತ್ರೆ ಅವನನ್ನು ಕರೆಯುವುದೇ ರೇಡಿಯೋ ಅಂತ! ಲಿಫ್ಟಿನ ಬಾಗಿಲು ಮುಚ್ಚಿದ್ದೇ ತಡ, ಅವನ ಬಾಯಿ ತೆರೆಯುತ್ತಿತ್ತು. ಅವನ ಅತ್ತೆ ಬಚ್ಚಲಲ್ಲಿ ಸಿಕ್ಕಿಹಾಕಿಕೊಂಡ ಕಥೆಯನ್ನು ಅಕ್ಕ ಎಷ್ಟು ಸಲ ಅರ್ಧ ಕೇಳಿದ್ದರೋ. ಒಳಗಿನ ಚಿಲಕ ಕಿತ್ತು ಬರುವ ಹೊತ್ತಿಗೆ ಸರಿಯಾಗಿ ಅವರ ಮಹಡಿ ಬರುತ್ತಿತ್ತು. “ಸಾಕು ಮಾಡಪ್ಪಾ, ತಲೆ ಚಿಟ್ಟು ಹಿಡೀತು” ಎಂದು ಇಳಿದು ಹೋಗುತ್ತಿದ್ದರು.

ಕೊನೆಗೆ ಅಂಥವನೇ ಬರಬೇಕಾಯಿತು ನೋಡಿ. ಉಗ್ರಾಣದ ಫ್ರಿಜ್ ಕೆಟ್ಟು ಲಸಿಕೆಯೆಲ್ಲ ಹಾಳಾದಾಗ ತಪ್ಪು ಅಕ್ಕನ ತಲೆಗೆ ಬಂತು. ಕೆಲಸವೇ ಹೋಗುವ ಹಾಗಿತ್ತು. ಆ ಕಪಾಟುಗಳ ನಡುವೆಯೇ ಅವರ ಕೂದಲು ನೆರೆತಿತ್ತು. ಇನ್ನು ಈ ವಯಸ್ಸಿನಲ್ಲಿ ಎಲ್ಲಿಗೆ ಹೋಗುವುದು? ವಿಚಾರಣೆಗೆ ಜೊತೆಗೆ ಬನ್ನಿ ಎಂದರೆ ಗುಮಾಸ್ತರಿಗೆ ಸೊಂಟನೋವು, ಹಿರಿಯ ನರ್ಸಿಗೆ ಮಗಳ ಪರೀಕ್ಷೆ. ಅಕ್ಕನ ಕೈಯ ಚಹಾ ಕುಡಿದವರೆಲ್ಲ ತಲೆ ತಪ್ಪಿಸಿಕೊಂಡು ಓಡಾಡಿದರು.

“ನಾ ಬರ್ತೀನಕ್ಕಾ” ಎಂದಿದ್ದ ರೇಡಿಯೋ.

“ನೀನಾ? ಅಲ್ಲಿ ಬಾಯಿ ಮುಚ್ಕೊಂಡು ಕೂರ್ಬೇಕಪ್ಪಾ!”

“ಹೊಲ್ಕೊಂಡೇ ಬರ್ತೀನಿ ಬಿಡಿ.”

ಹೇಳಿದ ಹಾಗೇ ಕೂತಿದ್ದ, ಪಾಪ. ಅಧಿಕಾರಿ ಕೇಳಿದ್ದನ್ನೇ ತಿರುಗಿಸಿ ಮುರುಗಿಸಿ ಕೇಳುತ್ತಿದ್ದರು.

“ಫ್ರಿಜ್ ಸರಿ ಇಲ್ಲ ಅಂತ ನಿಮಗೆ ಮೊದಲೇ ಗೊತ್ತಿತ್ತು?”

“ಗೊತ್ತಿತ್ತು ಸರ್. ಮೇಲಿನವರಿಗೆ ಮೂರು ಸಲ ಹೇಳಿದ್ದೆ.”

“ಗೊತ್ತಿದ್ದೂ ಲಸಿಕೆ ಅಲ್ಲೇ ಇಟ್ರಿ?”

“ಬೇರೆ ಫ್ರಿಜ್ ಎಲ್ಲಿದೆ ಸರ್?”

ಪ್ರತಿ ಸಲವೂ ರೇಡಿಯೋನ ಬಾಯಿ ತೆರೆದು, ಮತ್ತೆ ಮುಚ್ಚಿಕೊಳ್ಳುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಅಕ್ಕ ಸೋತುಹೋಗಿದ್ದರು. ಟೈಪು ಮಾಡಿದ ಹೇಳಿಕೆ ಎದುರಿಗೆ ಬಂದಾಗ ಅಕ್ಷರಗಳೆಲ್ಲ ಇರುವೆ ಸಾಲಿನ ಹಾಗೆ ಕಂಡವು. ಕನ್ನಡಕ ಉಗ್ರಾಣದ ಮೇಜಿನ ಮೇಲೇ ಉಳಿದಿತ್ತು. ಏನಾದರೂ ಆಗಲಿ, ಇದು ಮುಗಿದರೆ ಸಾಕು ಅನ್ನಿಸಿತು.

“ಎಲ್ಲಿ ಸರ್ ಸೈನ್ ಹಾಕೋದು?”

ಪೆನ್ನು ಕಾಗದಕ್ಕೆ ತಾಗುವುದರಲ್ಲಿತ್ತು. ರೇಡಿಯೋ ತನ್ನ ಕನ್ನಡಕ ತೆಗೆದ. ಅಂಗಿಯ ತುದಿಯಿಂದ ಎರಡೂ ಗಾಜು ನಿಧಾನವಾಗಿ ಒರೆಸಿ, ಸರಿಯಾಗಿ ಆ ಕಾಗದದ ಮೇಲೆ ಇಟ್ಟ.

“ರೀ, ನೀವು ಮಧ್ಯೆ ಬರೋ ಹಾಗಿಲ್ಲ.”

ಅವನು ತನ್ನ ಮುಚ್ಚಿದ ಬಾಯಿಯತ್ತ ಬೆರಳು ತೋರಿಸಿದ. ಟೈಪಿಸ್ಟ್ ನಗು ತಡೆಯಲಾರದೆ ಕೆಮ್ಮಿದಳು. ಅಧಿಕಾರಿ ಒಂದು ಕ್ಷಣ ಅವನನ್ನೇ ನೋಡಿ, ಕುರ್ಚಿಗೆ ಒರಗಿದರು. “ಓದಿಕೊಳ್ಳಿಯಮ್ಮ. ಅದು ನಿಮ್ಮ ಹಕ್ಕು.”

ಅಕ್ಕ ಕನ್ನಡಕ ಹಾಕಿಕೊಂಡರು. ಸಡಿಲವಾಗಿತ್ತು, ಒಂದು ಕೈಯಲ್ಲಿ ಹಿಡಿದುಕೊಂಡೇ ಓದಿದರು. ಬೆರಳು ಸಾಲು ಸಾಲಾಗಿ ಇಳಿಯಿತು. ಒಂದು ಸಾಲಿನ ಹತ್ತಿರ ನಿಂತಿತು.

“‘ಫ್ರಿಜ್ ಕೆಟ್ಟಿರುವುದು ತಿಳಿದಿದ್ದರೂ ಯಾರ ಗಮನಕ್ಕೂ ತಂದಿರುವುದಿಲ್ಲ.’ ಇದು ನಾನು ಹೇಳಿದ್ದಲ್ಲ ಸರ್. ಮೂರು ಸಲ ಹೇಳಿದ್ದೆ ಅಂದೆ. ಯಾರಿಗೆ ಹೇಳಿದ್ದೆ ಅಂತಾನೂ ಬರೀರಿ. ಅಲ್ಲೀತನಕ ನಾನು ಸೈನ್ ಹಾಕಲ್ಲ.” ತಮ್ಮ ದನಿ ಕೇಳಿ ಅವರಿಗೇ ಆಶ್ಚರ್ಯವಾಯಿತು.

ಆ ಸಾಲು ಹೋಯಿತು. ಹೊಸ ಸಾಲು ಬಂತು, ಅದರಲ್ಲಿ ಇಬ್ಬರು ಮೇಲಧಿಕಾರಿಗಳ ಹೆಸರೂ ಬಂತು. ವಿಚಾರಣೆ ಮುಗಿಯಲಿಲ್ಲ, ಇನ್ನೊಂದು ದಿನ ಕರೆಯುವುದಾಗಿ ಹೇಳಿ ಕಳಿಸಿದರು.

ಆಸ್ಪತ್ರೆಯ ಲಿಫ್ಟಿನಲ್ಲಿ ಇಬ್ಬರೇ. ಬಾಗಿಲು ಮುಚ್ಚಿತು. ರೇಡಿಯೋ ಇನ್ನೂ ಪಿಟ್ಟೆನ್ನದೆ ಗೋಡೆ ನೋಡುತ್ತಿದ್ದ. ಅವನ ಕನ್ನಡಕ ಅಕ್ಕನ ಮೂಗಿನ ಮೇಲೇ ಇತ್ತು.

“ಇನ್ನು ಬಾಯಿ ಬಿಡಬಹುದಪ್ಪಾ.”

ಅವನು ತಲೆಯಾಡಿಸಿ, ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ. ಅಕ್ಕನಿಗೂ ಕಣ್ಣು ತುಂಬಿ ಬಂತು.

ಅವರ ಮಹಡಿ ಬಂತು. ಬಾಗಿಲು ತೆರೆಯಿತು. ಅಕ್ಕ ಇಳಿಯಲಿಲ್ಲ.

“ಚಿಲಕ ಕಿತ್ತು ಬಂತು” ಎಂದರು. “ಆಮೇಲೆ ನಿಮ್ಮತ್ತೆ ಏನ್ ಮಾಡಿದ್ರು?”

ರೇಡಿಯೋ ಮೂಗು ಒರೆಸಿಕೊಂಡು, ಕೈ ಚಾಚಿ ಎಲ್ಲಕ್ಕಿಂತ ಮೇಲಿನ ಮಹಡಿಯ ಗುಂಡಿ ಒತ್ತಿದ.